ಸಲಾಲ ದಾರಿಯಲ್ಲಿ ಕಾಣಿಕೆ ಡಬ್ಬಿ

ಸ್ನೇಹಿತರೇ, ಅಮ್ಮನೊಡನೆ ವಿದೇಶಕ್ಕೆ ಹೊರಡುವ ತಯಾರಿಯಲ್ಲಿ ಬೆಳಗ್ಗಿನಿಂದ ಮ್ಯಾಪ್ ನೋಡಿ ಕಣ್ಣುರಿ. ಮಸ್ಕತ್‌ನಲ್ಲಿರುವ ತಮ್ಮನ ಮನೆಯಿಂದ ಸಲಾಲಕ್ಕೆ ಸಾವಿರ ಕಿಲೋಮೀಟರ್ ಮರುಭೂಮಿ. ಕಾರು ಓಡಿಸುವವಳು ನಾನು. ಪೆಟ್ರೋಲ್, ನೀರು, ಊಟ ಎಲ್ಲೆಲ್ಲಿ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ.

"ದೈವದ ಕಾಣಿಕೆ ಡಬ್ಬಿ ಎಲ್ಲುಂಟು?" ಎಂದರು.

"ಅಲ್ಲಿ ಅದೆಲ್ಲ ಇಲ್ಲಮ್ಮ."

"ಮತ್ತೆ ದಾರಿ ಕಾಯುವುದು ಯಾರು?"

"ಪೊಲೀಸರು."

ಸಂಜೆ ಇಲ್ಲಿ ನಮ್ಮ ಕರಾವಳಿಯಲ್ಲಿ ಎರ್ಮಾಳಿನಿಂದ ಬನ್ನಂಜೆಗೆ ಬರುವಾಗ, ದಾರಿ ಕಾಯುವ ದೈವಗಳಿಗೆಂದು ಹೆದ್ದಾರಿ ಬದಿಯಲ್ಲಿಟ್ಟ ಒಂದೊಂದು ಡಬ್ಬಿಯ ಎದುರೂ ಅಮ್ಮ ನನ್ನಿಂದ ಕಾರು ನಿಲ್ಲಿಸಿಸಿ ಕಾಣಿಕೆ ಹಾಕಿದರು. ಸಲಾಲದ ಪಾಲನ್ನೂ ಇಲ್ಲೇ ಹಾಕಬೇಕಂತೆ. ಕಾಪು ದಾಟುವಷ್ಟರಲ್ಲೇ ನನಗೆ ಸಾಕಾಗಿತ್ತು. ಕೊನೆಯ ಡಬ್ಬಿಯೆದುರು ಕೈಮುಗಿದು ಅವರು ಹೇಳಿದ್ದು ಕೇಳಿಸಿತು:

"ಇವಳಿಗೆ ಕಾರು ಬಿಡಲಿಕ್ಕೆ ಅಷ್ಟು ಬರುವುದಿಲ್ಲ, ಅಲ್ಲಿಯೂ ನೀವೇ ನೋಡಿಕೊಳ್ಳಬೇಕು."

ವೀಸಾ ಇನ್ನೂ ಬಂದಿಲ್ಲ. ನನ್ನ ಮೇಲಿನ ದೂರು ಮಾತ್ರ ತಲುಪಬೇಕಾದಲ್ಲಿಗೆ ತಲುಪಿದೆ.