ನಂಜನಾಡಿನ ಮಂಜು, ಬೋಜ ಮಾಮನ ಬೀಗದಕೈ

ಮೈಸೂರಿನಲ್ಲಿ ಬೆಳಗಿನ ಊಟಿ ಬಸ್ಸು ಹತ್ತುವಾಗ ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದ ವಿದ್ಯೆ ಒಂದೇ: ತಂಡ ಸೋತರೆ ಮ್ಯಾನೇಜರನ್ನು ಕಿತ್ತುಹಾಕಬೇಕು. ಟಿವಿ ಮುಂದೆ ಕೂತು ಎಷ್ಟೋ ಜನರನ್ನು ಹಾಗೆ ಮನೆಗೆ ಕಳಿಸಿದ್ದೇನೆ. ಬಂಡೀಪುರದಲ್ಲಿ ಜಿಂಕೆ ಕಂಡವು, ಗೂಡಲೂರಿನಲ್ಲಿ ಪುಟ್ಟು-ಕಡಲೆ ತಿಂದೆ, ಮುಂದಿನ ಐವತ್ತು ಕಿಲೋಮೀಟರ್ ತಿರುವುಗಳಲ್ಲಿ ಆ ಪುಟ್ಟಿನದೇ ಚಿಂತೆ.

ಊಟಿಗೆ ಗೆಳೆಯ ರಾಮನ್ ಜೀಪು ತಂದಿದ್ದ. ನಂಜನಾಡಿನ ಪಕ್ಕದ ಅವನ ಹಟ್ಟಿಯವರೆಗೂ ಕ್ಯಾರೆಟ್ ಹೊಲಗಳು. ಹಟ್ಟಿಯ ತಂಡ ಈ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಅಂದು ಗೂಡಲೂರಿನವರ ಜೊತೆ ಕೊನೆಯ ಪಂದ್ಯ. ಸಮವಾದರೂ ಸಾಕು, ಮೇಲಿನ ದರ್ಜೆಯಲ್ಲಿ ಉಳಿಯುತ್ತಾರೆ. ಸೋತರೆ ತಾನು ಬಿಟ್ಟುಬಿಡುವುದಾಗಿ ಮ್ಯಾನೇಜರ್ ಬೋಜ ಮಾಮ ಊರಿಗೆಲ್ಲ ಹೇಳಿದ್ದರಂತೆ. ರಾಮನ್ ಹುಟ್ಟುವ ಮೊದಲಿಂದಲೂ ಅವರೇ ಮ್ಯಾನೇಜರ್.

"ಬಿಟ್ಟರೆ ಒಳ್ಳೆಯದೇ ಅಲ್ಲವೇನೋ?" ಎಂದೆ. ಅವನ ಅಜ್ಜಿಯನ್ನೇ ಬೈದೆನೇನೋ ಎಂಬಂತೆ ರಾಮನ್ ನೋಡಿದ.

ಮೈದಾನದಲ್ಲಿ ಜನ ಗೋಣಿಚೀಲ ಹಾಸಿಕೊಂಡು ಸುಮ್ಮನೆ ಕೂತಿದ್ದರು. ಮಾಮನ ಉಪಾಯ ಸರಳ: ಮಂಜು ಇಳಿಯುವವರೆಗೆ ಚೆಂಡನ್ನು ಹಿಂದಕ್ಕೆ ದಾಟಿಸುತ್ತ ಹೊತ್ತು ಕಳೆಯುವುದು. ಮಂಜಿನಲ್ಲಿ ಗೂಡಲೂರಿನವರಿಗೆ ದಿಕ್ಕೇ ತೋಚುವುದಿಲ್ಲ.

"ಮುಂದೆ ಹೊಡೀರೋ!" ಎಂದು ನಾನೊಬ್ಬನೇ ಗಂಟಲು ಹರಿದುಕೊಂಡೆ. ಪಕ್ಕದಲ್ಲಿದ್ದ ಊರಗೌಡರು ಬಿಳಿ ಹೊದಿಕೆಯಿಂದ ಕೈ ತೆಗೆದು ಊಟಿಯ ಗರಿಗರಿ ಬಿಸ್ಕತ್ತು, ಒಂದು ವರ್ಕಿ ಕೊಟ್ಟರು. "ತಿನ್ನು ತಂಬಿ. ಬೋಜನಿಗೆ ಗೊತ್ತುಂಟು."

ಮಂಜು ಬಂದೇಬಿಟ್ಟಿತು. ಮೊದಲು ಗೋಲುಕಂಬ, ಆಮೇಲೆ ಆಟಗಾರರು, ಕೊನೆಗೆ ಗೌಡರ ಕಾಲುಗಳೂ ಮಾಯವಾದವು. ಎಲ್ಲೋ ಚೆಂಡು ಒದ್ದ ಸದ್ದು, ಹಿಂದೆಯೇ ರೆಫರಿಯ ಸೀಟಿ. ಗೋಲ್! ಇಡೀ ಹಟ್ಟಿ ಎದ್ದು ಕುಣಿಯಿತು. ನಾನು ಗೌಡರನ್ನು ತಬ್ಬಿಕೊಂಡೆ. ಮಂಜು ಸರಿದಾಗ ಚೆಂಡು ನಮ್ಮದೇ ಬಲೆಯಲ್ಲಿತ್ತು. ಮಾಮ ಹೇಳಿದಂತೆ ನಮ್ಮವನೊಬ್ಬ ಹಿಂದಕ್ಕೆ ದಾಟಿಸಿದ್ದ. ಗೋಲ್‌ಕೀಪರ್ ಅವನು ಅಂದುಕೊಂಡ ಜಾಗದಲ್ಲಿರಲಿಲ್ಲ. ಪಂದ್ಯ ಹಾಗೆಯೇ ಮುಗಿಯಿತು.

ಬೋಜ ಮಾಮ ನೇರವಾಗಿ ಗೌಡರ ಮುಂದೆ ಬಂದು ನಿಂತರು. ಕಣ್ಣು ತುಂಬಿತ್ತು. ಚೆಂಡಿನ ಕೋಣೆಯ ಬೀಗದಕೈ ಚಾಚಿದರು. ಈ ಹಟ್ಟಿಯಲ್ಲಿ ಜವಾಬ್ದಾರಿ ಬಿಡುವವನ ಬೀಗದಕೈಯನ್ನು ಇನ್ನೊಬ್ಬರು ಕೈಯಾರೆ ತೆಗೆದುಕೊಳ್ಳಬೇಕು. ನೆಲದ ಮೇಲಿಟ್ಟು ಹೋಗುವಂತಿಲ್ಲ.

ಗೌಡರು ಎರಡೂ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ಚಳಿ, ಬೋಜಾ. ಕೈ ಮರಗಟ್ಟಿದೆ."

ಮಾಮ ರಾಮನ್ ಕಡೆ ತಿರುಗಿದರು. ಅವನು ಕೈ ಜೇಬಿಗಿಳಿಸಿದ. ಸಾಲಿನುದ್ದಕ್ಕೂ ಕೈಗಳು ಶಾಲು, ಸ್ವೆಟರುಗಳೊಳಗೆ ಅಡಗಿದವು. ಕೊನೆಗೆ ಮಾಮ ನನ್ನತ್ತ ನೋಡಿದರು. ಬೆಳಗಿನಿಂದ ಅವರನ್ನು ಕಿತ್ತುಹಾಕಲು ಕಾಯುತ್ತಿದ್ದ ನಾನು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡೆ.

"ನಾಳೆ ಪ್ರಾಕ್ಟೀಸು ಎಷ್ಟು ಗಂಟೆಗೆ, ಮಾಮ?" ಗೋಲ್‌ಕೀಪರ್ ಕೇಳಿದ.

ಮಾಮ ಮೂಗೊರೆಸಿಕೊಂಡು, "ಆರಕ್ಕೆ. ನೀನು ಐದೂವರೆಗೇ ಬಾ," ಎಂದರು. ಬೀಗದಕೈ ಅವರ ಜೇಬಿಗೇ ಹೋಯಿತು.

ಬಂಡೀಪುರದ ಗೇಟು ಹಾಕುವುದರೊಳಗೆ ದಾಟಬೇಕೆಂದು ಊಟಿಯಲ್ಲಿ ಸಂಜೆಯ ಬಸ್ಸು ಹಿಡಿದೆ. ಪಕ್ಕದ ಸೀಟಿನಲ್ಲಿ ಗೆದ್ದ ತಂಡದ ಮ್ಯಾನೇಜರ್, ಮುಖ ಸಪ್ಪಗೆ.

"ಗೆದ್ದ ಗೋಲು ನಾವು ಹೊಡೆದದ್ದೇ ಅಲ್ಲ ಅಂತ ನಮ್ಮೂರವರು ಆಗಲೇ ನನ್ನನ್ನು ಬೈತಿದ್ದಾರೆ ಚೇಟ್ಟಾ," ಎಂದರು. "ನನ್ನನ್ನು ಈ ತಿಂಗಳೇ ತೆಗೀತಾರೆ. ಆ ಹಟ್ಟಿಯಲ್ಲಿ ಮ್ಯಾನೇಜರ್ ಕೆಲಸ ಏನಾದರೂ ಖಾಲಿ ಆಯಿತಾ?"

"ಆಗಲಿಲ್ಲ," ಎಂದೆ. "ಬೀಗದಕೈ ತೆಗೆದುಕೊಳ್ಳೋಕೆ ಅಲ್ಲಿ ಯಾರಿಗೂ ಕೈಯೇ ಇಲ್ಲ."