ಕಿಟಕಿಯ ಮೇಲಿಟ್ಟ ಜಗ್ಗು

ಬೆಳಗಿನ ಐದೂವರೆ. ಕ್ಯಾನ್ಸರ್ ವಾರ್ಡಿನ ಇಪ್ಪತ್ತೆಂಟು ಮಂಚಗಳ ಪಕ್ಕದಲ್ಲಿ ಒಂದೊಂದೇ ಜಗ್ಗು ತುಂಬುತ್ತಿದೆ. ತುಂಬಿಸುತ್ತಿರುವವರು ವಾರ್ಡಿನ ಆಯಾ. ಎಲ್ಲರ ಬಾಯಲ್ಲಿ ‘ನೀರಕ್ಕ’. ಜಗ್ಗು ಇಟ್ಟ ಮೇಲೆ ರೋಗಿಯ ಕೈ ಚಾಚಿಸಿ, ಹಿಡಿಕೆ ಬೆರಳಿಗೆ ಸಿಗುತ್ತದೆಯೇ ಎಂದು ನೋಡುತ್ತಾರೆ. ಸಿಗದಿದ್ದರೆ ಸ್ಟೂಲನ್ನೇ ಹತ್ತಿರ ಎಳೆಯುತ್ತಾರೆ.

“ಏನಕ್ಕಾ, ಅಳತೆ ತಗೊಂಡು ಅಂಗಿ ಹೊಲಿಸ್ತೀಯಾ?” ಎಂದು ಹೊಸ ನರ್ಸು ಕಿಚಾಯಿಸುತ್ತಾಳೆ. ನೀರಕ್ಕ ನಗುವುದಿಲ್ಲ.

ಗಂಡ ತೀರಿಕೊಂಡಾಗ ನೆಲ ಒರೆಸಲು ಬಂದವರಿಗೆ ಇಲ್ಲಿ ಹತ್ತೊಂಬತ್ತು ವರ್ಷ ಕಳೆದಿದೆ. ದಿನಕ್ಕೆ ನಲವತ್ತಕ್ಕೂ ಹೆಚ್ಚು ಚಾದರ ಬದಲಾಯಿಸುತ್ತಾರೆ. ಮೊಣಕಾಲು ಕೈಕೊಟ್ಟಿದೆ. ಹೊಗಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾವು ‘ನೀರಕ್ಕ’ ಎಂಬ ಹೆಸರು ಯಾರಿಟ್ಟದ್ದು ಎಂದು ಕೇಳಿದಾಗ ಬಕೆಟ್ ಕೆಳಗಿಟ್ಟು ಗೋಡೆಗೆ ಒರಗುತ್ತಾರೆ.

ಆರು ವರ್ಷದ ಹಿಂದೆ ಬಾಯಿಯ ಕ್ಯಾನ್ಸರಿನಿಂದ ಬೀಗ ರಿಪೇರಿಯವರೊಬ್ಬರು ದಾಖಲಾಗಿದ್ದರು. ಮಾತು ತೊದಲುತ್ತಿತ್ತು, ನೀರು ಬೇಕಾದರೆ ಮಂಚದ ಕಂಬಿ ತಟ್ಟುತ್ತಿದ್ದರು.

“ಎಷ್ಟು ಕುಡಿದ್ರೂ ಸಾಲ್ತಿರಲಿಲ್ಲ. ದಿನಕ್ಕೆ ಆರು ಸಲ ಹಾಸಿಗೆ ಒದ್ದೆ. ಸ್ವಂತ ತಂಗಿಗೇ ‘ಯಾರು ನೀನು’ ಅನ್ನೋರು. ನಾನು ಸೊಕ್ಕು ಅಂದ್ಕೊಂಡೆ. ಚಾದರ ಬದಲಾಯಿಸಿ ಸಾಕಾಗಿ, ಜಗ್ಗು ತೆಗೆದು ಕೈಗೆ ಸಿಗದ ಹಾಗೆ ಕಿಟಕಿ ಮೇಲಿಟ್ಟೆ. ಕಂಬಿ ತಟ್ತಾನೇ ಇದ್ರು. ನಾನು ಕೇಳಿಸದವಳ ಹಾಗೆ ನೆಲ ಒರೆಸ್ಕೊಂಡು ಹೋದೆ.”

ಮಧ್ಯಾಹ್ನಕ್ಕೆ ಅವರು ಎಬ್ಬಿಸಿದರೂ ಏಳಲಿಲ್ಲ. ರಕ್ತ ಪರೀಕ್ಷಿಸಿದ ಡಾಕ್ಟರು ಕಾರಣ ಹೇಳಿದರು: ಗಡ್ಡೆಯಿಂದಾಗಿ ಮೂಳೆಯ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಸೇರುತ್ತಿತ್ತು. ಅದು ಏರಿದರೆ ತೀರದ ಬಾಯಾರಿಕೆ, ಪದೇಪದೇ ಮೂತ್ರ, ಮಂಕು. ನೀರಿಲ್ಲದೆ ದೇಹ ಒಣಗಿದರೆ ಅದು ಇನ್ನೂ ಏರುತ್ತದೆ. ಡ್ರಿಪ್ಪು, ಇಂಜೆಕ್ಷನ್ ಕೊಟ್ಟು ನಾಲ್ಕನೇ ದಿನಕ್ಕೆ ಅವರ ಬುದ್ಧಿ ತಿಳಿಯಾಯಿತು.

“ಕಣ್ಣು ಬಿಟ್ಟವರು ತಂಗಿಗೆ ನನ್ನ ತೋರಿಸಿ, ‘ನೀರು ಕೊಟ್ಟು ಉಳಿಸಿದ್ದು ಈ ನೀರಕ್ಕ’ ಅಂದ್ರು. ನಾನು ಅಲ್ಲ ಅನ್ನಲಿಲ್ಲ ನೋಡಿ. ನೆಲ ಬಾಯಿ ಬಿಡಬಾರದೇ ಅನ್ನಿಸ್ತು.”

ಎರಡು ತಿಂಗಳ ಮೇಲೆ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಹೆಸರು ಮಾತ್ರ ಉಳಿಯಿತು. ಅಂದಿನಿಂದ ಯಾರಾದರೂ ಅತಿಯಾಗಿ ನೀರು ಕೇಳಿ, ಮಂಕಾಗಿ ಏನೇನೋ ಮಾತಾಡಿದರೆ ನೀರಕ್ಕ ನರ್ಸಿನ ಬಳಿ ಓಡುತ್ತಾರೆ. ನಾಲ್ಕು ಸಲ ಓಡಿದ್ದಾರೆ. ಮೂರು ಸಲ ಕ್ಯಾಲ್ಸಿಯಂ ಏರಿಯೇ ಇತ್ತು. ಬೀಗ ರಿಪೇರಿಯವರ ತಂಗಿ ಈಗಲೂ ಈ ಕಡೆ ಬಂದರೆ ಒಳಗೆ ಬಂದು, “ಅಕ್ಕಾ” ಎಂದು ಇವರ ಕೈ ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ದಿನ ನೀರಕ್ಕನಿಗೆ ಊಟ ಸೇರುವುದಿಲ್ಲ.

ಫೋಟೋ ಕೇಳಿದರೆ ಬೇಡವೆಂದು ಕೈ ಅಲ್ಲಾಡಿಸುತ್ತಾರೆ.

“ಆ ತಂಗಿ ಭಾನುವಾರದ ಪೇಪರ್ ಬಿಡದೆ ಓದ್ತಾರೆ. ಹೊಗಳಿ ಬರೀಬೇಡಿ. ಆರು ವರ್ಷದಿಂದ ನನ್ನ ಬಾಯಲ್ಲಿ ಬರ್ತಿಲ್ಲ, ಜಗ್ಗು ತೆಗೆದಿಟ್ಟವಳು ಇವಳೇ ಅಂತ ನೀವೇ ಬರೀರಿ. ಓದಿದ ಮೇಲೂ ಬಂದ್ರೆ, ಆಗ ಅಕ್ಕ ಅಂತ ಕರೀಲಿ.”