ಕಾಣದ ಇಂಗಾಲ

ತೊಂಬತ್ತರ ದಶಕದ ಕೊನೆಯಲ್ಲಿ ಹಡಗಲಿ ಹತ್ತಿರ, ಗ್ಯಾಸ್ ಉರಿಸಿ ಕರೆಂಟ್ ತಯಾರಿಸುವ ಸಣ್ಣ ಸ್ಥಾವರದಲ್ಲಿ ನಾನು ಆಪರೇಟರ್ ಆಗಿದ್ದೆ. ಪಕ್ಕದ ಮಲ್ಲಿಗೆ ತೋಟದ ಅಜ್ಜಿ ಒಮ್ಮೆ, “ನಿಮ್ಮ ಹೊಗಿಕೊಳವ್ಯಾಗಿಂದ ಏನು ಬರತೈತಪ್ಪಾ?” ಎಂದು ಕೇಳಿದಳು.

ಹೊಗೆ ಕಾಣುತ್ತಿರಲಿಲ್ಲ. “ಏನಿಲ್ಲಜ್ಜಿ, ಬರೀ ಬಿಸಿಗಾಳಿ” ಎಂದುಬಿಟ್ಟೆ.

ಮುಂದೆ ತಪಾಸಣೆಗೆ ಬಂದ ಎಂಜಿನಿಯರ್ ಕೊಳವೆಯೊಳಗೆ ಮೀಟರ್ ಇಳಿಸಿ, ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ನನಗೇ ಓದಲು ಹೇಳಿದರು. ಓದಿ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ತೋಟಕ್ಕೆ ಹೋದೆ.

“ಅವತ್ತು ತಪ್ಪು ಹೇಳಿದ್ನಜ್ಜಿ. ಕಣ್ಣಿಗೆ ಕಾಣದ ಇಂಗಾಲದ ಗ್ಯಾಸ್ ಬರತೈತಿ. ನಿನ್ನ ಹೂವಿಗೇನೂ ಆಗಂಗಿಲ್ಲ, ಆದ್ರ ಅದು ಗಾಳ್ಯಾಗ ಭಾಳ ವರ್ಷ ಉಳಿದು ಭೂಮಿ ಬಿಸಿ ಮಾಡತೈತಿ.”

“ಮತ್ತ ಬಂದ್ ಮಾಡ್ತೀರೇನು?”

“ಇಲ್ಲಜ್ಜಿ.”

ಮೊಗ್ಗು ಬಿಡಿಸುತ್ತಿದ್ದ ಅಜ್ಜಿ ಕೈಯಲ್ಲಿದ್ದಷ್ಟನ್ನು ಬುಟ್ಟಿಗೆ ಹಾಕಿದಳು. ಆಮೇಲೆ, “ಬಂದು ಹೇಳಿದ್ಯಲ್ಲ, ಕುಂದ್ರು. ಚಾ ಕುಡದು ಹೋಗು” ಎಂದಳು.